ಹಾಲಿನ ಧರ್ಮ ನಡೆಸಿದ ನೇಥನ್ ಸ್ಟ್ರೌಸರು

ನೇಥನ್ ಸ್ಟ್ರೌಸರು 1848ರ ಜನವರಿ 31ರಂದು ಜರ್ಮನಿಯ ಒಟ್ಟರ್‌ಬರ್ಗ್ ಎಂಬ ಊರಿನ ಯೆಹೂದಿ ಮನೆತನದಲ್ಲಿ ಜನಿಸಿದರು. ತಂದೆ ಲಾಜರಸರು ಜೀವನೋಪಾಯವನ್ನರಸಿ ಅಮೆರಿಕೆಗೆ ತೆರಳಿದರು. 1854ರಲ್ಲಿ ಹೆಂಡತಿ ಮಕ್ಕಳೂ ಅವರನ್ನು ಸೇರಿಕೊಂಡರು. ಜಾರ್ಜಿಯಾ ಪ್ರಾಂತದಲ್ಲಿ ಅಂಗಡಿಯಿಟ್ಟು ಬಾಳಿದ ಆ ಸಂಸಾರವು ಅಲ್ಲಿಯ ಅಂತರ್ಯುದ್ಧದ ತರುವಾಯ ನ್ಯೂಯಾರ್ಕಿಗೆ ಬಂದು, ಪಿಂಗಾಣಿ ಮತ್ತು ಗಾಜಿನ ಸಾಮಾನುಗಳ ವ್ಯಾಪಾರದಿಂದ ಏಳಿಗೆಗೊಂಡಿತು. 1896ರಲ್ಲಿ ನೇಥನ್ನರೂ ಅವರ ಅಣ್ಣ ಇಸಿಡೋರರೂ ಮೇಸೀಸ್ ಎಂಬ ಹೆಸರಾಂತ ಮಳಿಗೆಗೆ ಪೂರ್ಣ ಒಡೆಯರಾದರು.

ಸಿರಿ ಬಂದಿತಾದರೂ ಮೃತ್ಯು ಆ ಮನೆಯ ಬಾಗಿಲನ್ನು ತಪ್ಪಿಸಲಿಲ್ಲ. ನೇಥನ್ ಮತ್ತು ಲೀನಾ ದಂಪತಿಗಳಿಗೆ ಹುಟ್ಟಿದ ಆರು ಮಕ್ಕಳಲ್ಲಿ ಎಲ್ಲರೂ ಉಳಿಯಲಿಲ್ಲ. ವೈದ್ಯರನ್ನು ಕರೆಸಬಲ್ಲ ಧನಿಕನಿಗೇ ಈ ಗತಿಯಾದರೆ, ಗಾಳಿ ಬೆಳಕಿಲ್ಲದ ಕೋಣೆಗಳಲ್ಲಿ ಬಾಳುವ ಕೂಲಿಕಾರರ ಮಕ್ಕಳ ಪಾಡೇನು? ಬೇಸಗೆ ಬಂತೆಂದರೆ ಭೇದಿಯಿಂದ ಆ ನಗರದ ಹಸುಳೆಗಳು ಲೆಕ್ಕವಿಲ್ಲದಷ್ಟು ಸಾಯುತ್ತಿದ್ದವು. ಕೊಳಕು ಕೊಟ್ಟಿಗೆಗಳಲ್ಲಿ ಕರೆದು, ಬಹುದೂರ ಸಾಗಿಸಿ, ಬಿಸಿಲಿನಲ್ಲಿ ಮಾರುತ್ತಿದ್ದ ಹಾಲೇ ಇದಕ್ಕೆ ಮುಖ್ಯ ಕಾರಣವಾಗಿತ್ತು. ಸ್ಟ್ರೌಸರ ಸ್ವಂತ ಹಸುವೊಂದು ಸತ್ತಾಗ ಪರೀಕ್ಷಿಸಲಾಗಿ, ನೋಟಕ್ಕೆ ಪುಷ್ಟವಾಗಿದ್ದ ಅದರೊಳಗೆ ಕ್ಷಯರೋಗವು ಕಂಡುಬಂದಿತು. ಹಾಲಿನ ಬಟ್ಟಲಲ್ಲಿಯೇ ವಿಷವಿರಬಹುದೆಂಬುದು ಅವರಿಗೆ ಅಂದು ಮನದಟ್ಟಾಯಿತು.

1893ರ ಜೂನ್ ತಿಂಗಳಲ್ಲಿ ನಗರದ ಪೂರ್ವಭಾಗದ ಹಡಗುಕಟ್ಟೆಯೊಂದರಲ್ಲಿ ಅವರು ಮೊದಲ ಹಾಲಿನ ಕೇಂದ್ರವನ್ನು ತೆರೆದರು. ಫ್ರಾನ್ಸಿನ ಲೂಯಿ ಪಾಶ್ಚರರ ಶೋಧನೆಯನ್ನನುಸರಿಸಿ, ಹಾಲನ್ನು ಕುದಿಯುವ ಮಟ್ಟಕ್ಕಿಂತ ಕೆಳಗೇ ಸುಮಾರು 20 ನಿಮಿಷ ಕಾಯಿಸಿ, ಕೂಡಲೆ ತಣ್ಣಗಾಗಿಸಿ, ಸೀಸೆಗಳಲ್ಲಿ ತುಂಬಿ ಕೊಡುತ್ತಿದ್ದರು. ಬೆಲೆ ಅತ್ಯಲ್ಪ, ಅದನ್ನೂ ಕೊಡಲಾರದ ತಾಯಂದಿರಿಗೆ ಧರ್ಮಾರ್ಥ. ಅದೇ ವರ್ಷ ವ್ಯಾಪಾರವು ಕುಸಿದು ಸಾವಿರಾರು ಜನ ಕೆಲಸ ಕಳೆದುಕೊಂಡಾಗ, ಚಳಿಗಾಲದಲ್ಲಿ ಬಡವರಿಗೆ ಕಲ್ಲಿದ್ದಲನ್ನೂ ಒದಗಿಸಿದರು.

ಕಾಯಿಸದ ಹಾಲನ್ನು ಕೂಸಿಗೆ ಕುಡಿಸಲೊಪ್ಪದ ನಮ್ಮ ಮನೆಗಳ ಅಜ್ಜಿಯರಿಗೆ ಇದರಲ್ಲಿ ಹೊಸತೇನೂ ಕಾಣದು. ಅಲ್ಲಿಯಾದರೋ ಹಸಿ ಹಾಲೇ ಶ್ರೇಷ್ಠವೆಂದೂ ಕಾಯಿಸಿದರೆ ಸತ್ವ ನಾಶವಾಗುವುದೆಂದೂ ಅನೇಕ ವೈದ್ಯರೇ ವಾದಿಸಿದರು. ಹಾಲಿನ ವರ್ತಕರೂ ಅವರ ಜೊತೆಗೂಡಿದರು. ಸ್ಟ್ರೌಸರು ವಾದಕ್ಕಿಂತ ಪ್ರಯೋಗವನ್ನು ನಂಬಿದರು. ರ‍್ಯಾಂಡಲ್ಸ್ ದ್ವೀಪದಲ್ಲಿ ನಗರಸಭೆಯ ಅನಾಥ ಶಿಶುಗಳ ಆಶ್ರಯವೊಂದಿತ್ತು. ಅಲ್ಲಿ ನೂರಕ್ಕೆ 40ಕ್ಕೂ ಮಿಕ್ಕಿ ಮಕ್ಕಳು ಸಾಯುತ್ತಿದ್ದರು. ಸ್ಟ್ರೌಸರು ತಮ್ಮ ಖರ್ಚಿನಿಂದ ಹಾಲು ಕಾಯಿಸುವ ಯಂತ್ರವನ್ನು ಅಲ್ಲಿ ಸ್ಥಾಪಿಸಿದರು. ಉಳಿದ ಆರೈಕೆಯಲ್ಲಿ ಹೆಚ್ಚಿನ ಬದಲಾವಣೆಯಿಲ್ಲದೆಯೇ 1898ರಲ್ಲಿ ಆ ಸಂಖ್ಯೆಯು ಸುಮಾರು 20ಕ್ಕಿಳಿಯಿತು.

ಆದರೂ ಹಾಲನ್ನು ಹೀಗೆ ಶುದ್ಧೀಕರಿಸುವುದನ್ನು ನ್ಯೂಯಾರ್ಕ್ ಕಡ್ಡಾಯ ಮಾಡಿದ್ದು 1914ರಲ್ಲಿ. ಮೊದಲ ಕೇಂದ್ರ ತೆರೆದು ಅಷ್ಟರಲ್ಲಿ ಎರಡು ದಶಕಗಳೇ ಸಂದಿದ್ದವು! ಈ ದೀರ್ಘ ಹೋರಾಟದಲ್ಲಿ ಲೀನಾ ಅವರೂ ಪತಿಗೆ ಹೆಗಲೆಣೆಯಾಗಿದ್ದು, ಹಾಲಿನಿಂದ ಬರುವ ರೋಗಗಳನ್ನು ಕುರಿತು ಗ್ರಂಥವನ್ನು ರಚಿಸಿದರು. 1909ರಲ್ಲಿ ಕ್ಷಯರೋಗಿಗಳ ಮನೆಗಳಿಂದ ಬಂದ ಮಕ್ಕಳ ರಕ್ಷಣೆಗಾಗಿ ನ್ಯೂಜೆರ್ಸಿಯ ಲೇಕ್‌ವುಡ್‌ನಲ್ಲಿ ಸ್ಟ್ರೌಸರು ಮನೆಯೊಂದನ್ನು ಬಿಟ್ಟುಕೊಟ್ಟರು. ನೆರೆಹೊರೆಯ ಸ್ಥಿತಿವಂತರು ರೋಗಭಯದಿಂದ ಪ್ರತಿಭಟಿಸಲು ಆ ಸಂಸ್ಥೆ ಬೇರೆಡೆಗೆ ಹೋಗಬೇಕಾಯಿತು.

1912ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಅಣ್ಣ ಅತ್ತಿಗೆಯರಿಬ್ಬರೂ ಜಲಸಮಾಧಿಯಾದರು. ಮುಂದೆ ಸ್ಟ್ರೌಸರ ಔದಾರ್ಯವು ಹೆಚ್ಚಾಗಿ ಜೆರೂಸಲೇಮಿನತ್ತ ಹರಿಯಿತು. ಅಲ್ಲಿ ಅವರು ಕಟ್ಟಿಸಿದ ಆರೋಗ್ಯಕೇಂದ್ರವು ಮತಭೇದವಿಲ್ಲದೆ ಎಲ್ಲರಿಗೂ ತೆರೆದಿತ್ತು. 1930ರಲ್ಲಿ ಲೀನಾ ತೀರಿಕೊಂಡರು. ತಮ್ಮ ಐಶ್ವರ್ಯದ ಬಹುಭಾಗವನ್ನು ಕೈಯಾರೆ ಕೊಟ್ಟು ಮುಗಿಸಿದ್ದ ಸ್ಟ್ರೌಸರು 1931ರ ಜನವರಿ 11ರಂದು ನ್ಯೂಯಾರ್ಕಿನಲ್ಲಿ ಕಣ್ಮುಚ್ಚಿದರು.