ಗುಮಾಸ್ತಗಿರಿಯಿಂದ ಗುರುಪೀಠಕ್ಕೆ: ರಿಚರ್ಡ್ ಟಿಟ್ಮಸ್

ಹಗಲೆಲ್ಲ ಪರರ ಲೆಕ್ಕ ಬರೆದು, ಸಂಜೆ ತಮ್ಮ ಖೋಲಿಗೆ ಹಿಂದಿರುಗಿ ದೀಪದ ಮುಂದೆ ಪುಸ್ತಕ ಬಿಡಿಸಿ ಕುಳಿತುಕೊಳ್ಳುವವರು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ಹೋಟೆಲಿನ ಕೆಲಸ ತೀರಿಸಿ ರಾತ್ರಿಶಾಲೆಯ ಬೆಂಚಿನ ಮೇಲೆ ಅಕ್ಷರ ಕಲಿತವರೂ ಇದ್ದಾರೆ. ಇಂಥವರ ಕಲಿಕೆಗೆ ಪದವಿಯ ಮುದ್ರೆ ಬೀಳುವುದು ಅಪರೂಪ. ಮುದ್ರೆಯಿಲ್ಲದ ಕಲಿಕೆಗೆ ಬೆಲೆಯಿಲ್ಲವೆಂಬ ಅಳುಕು ಅವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಅಂಥ ವಾಚಕರಿಗಾಗಿ ಇಂದು ನಾವು ಇಂಗ್ಲೆಂಡಿನ ಒಬ್ಬ ಗುಮಾಸ್ತರ ಜೀವನವನ್ನು ಹೇಳಲು ಹೊರಟಿದ್ದೇವೆ. ಹದಿನಾರು ವರ್ಷ ವಿಮಾ ಕಂಪನಿಯಲ್ಲಿ ದುಡಿದ, ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ವಿದ್ಯಾರ್ಥಿಯಾಗಿ ಹತ್ತದ ಈ ಮಹನೀಯರು, ಮುಂದೆ ಲಂಡನ್ನಿನಲ್ಲಿ ಸಮಾಜಕಾರ್ಯವನ್ನೂ ಸಾಮಾಜಿಕ ನೀತಿಯನ್ನೂ ಬೋಧಿಸುವ ಶಾಖೆಗೆ ಮುಖ್ಯ ಪ್ರಾಧ್ಯಾಪಕರಾದರು. ಅವರೇ ರಿಚರ್ಡ್ ಟಿಟ್ಮಸ್ಸರು.

1907ನೆಯ ಇಸವಿ ಅಕ್ಟೋಬರ್ 16ರಂದು, ಲೂಟನ್ ಪಟ್ಟಣದ ಸಮೀಪದ ಸ್ಟಾಪ್ಸ್ಲಿ ಎಂಬ ಹಳ್ಳಿಯಲ್ಲಿ ಅವರ ಜನನವಾಯಿತು. ತಂದೆ ರೈತರು, ಬೇಸಾಯ ಅವರ ಕೈ ಹಿಡಿಯಲಿಲ್ಲ. ಕುಟುಂಬವು ಹಳ್ಳಿಯನ್ನು ತೊರೆದು ಲಂಡನ್ನಿನ ಅಂಚಿನಲ್ಲಿದ್ದ ಹೆಂಡನ್ ಎಂಬಲ್ಲಿಗೆ ಬಂದು ನೆಲೆಸಿತು. ಭೂಮಿ ಸೋತಾಗ ಪಟ್ಟಣದ ದಾರಿ ಹಿಡಿಯುವ ಈ ಕಥೆ ನಮ್ಮವರಿಗೆ ಹೊಸದಲ್ಲ. ಬಾಲಕ ರಿಚರ್ಡ್ ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟರು. ಆರು ತಿಂಗಳು ಲೆಕ್ಕಪತ್ರ ಬರೆಯುವ ವಿದ್ಯೆ ಕಲಿತು ಕಚೇರಿಯೊಂದರಲ್ಲಿ ಸಣ್ಣ ಕೆಲಸಕ್ಕೆ ಸೇರಿದರು. 1926ರಲ್ಲಿ ತಂದೆ ತೀರಿಕೊಂಡರು. ಮನೆಯ ಭಾರ ಹದಿನೆಂಟರ ಹರೆಯದವರ ಹೆಗಲಿಗೇರಿತು. ಅದೇ ಸಮಯದಲ್ಲಿ ಅವರು ಬೆಂಕಿವಿಮೆಯ ಕಂಪನಿಯೊಂದರಲ್ಲಿ ಗುಮಾಸ್ತರಾದರು.

ವಿಮಾ ಕಚೇರಿಯ ಕೆಲಸವೆಂದರೆ ಅಂಕಿಗಳ ಕೆಲಸ. ಯಾವ ಬೀದಿಯಲ್ಲಿ ಅಪಾಯ ಹೆಚ್ಚು, ಯಾವ ಕಟ್ಟಡದಲ್ಲಿ ಕಡಿಮೆ ಎಂಬುದನ್ನು ಅಳೆದು ದರ ಕಟ್ಟುವುದೇ ಅಲ್ಲಿಯ ವ್ಯಾಪಾರ. ಆ ಲೆಕ್ಕವನ್ನು ಕಲಿತ ಯುವಕನ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆ ಮೂಡಿತು. ಕಟ್ಟಡಗಳ ಅಪಾಯವನ್ನು ಹೀಗೆ ಅಳೆಯಬಹುದಾದರೆ ಮನುಷ್ಯರ ಅಪಾಯವನ್ನೇಕೆ ಅಳೆಯಬಾರದು? ಶ್ರೀಮಂತನ ಕೂಸು ಬದುಕುವ ಸಂಭವವೆಷ್ಟು, ಕೂಲಿಕಾರನ ಕೂಸು ಬದುಕುವ ಸಂಭವವೆಷ್ಟು? ಸಂಜೆಯ ವೇಳೆಯಲ್ಲಿ, ರಜೆಯ ದಿನಗಳಲ್ಲಿ, ಸರಕಾರದ ಜನನ ಮರಣಗಳ ವರದಿಗಳನ್ನು ತೆರೆದು ಅವರು ಈ ಲೆಕ್ಕವನ್ನು ಹಾಕತೊಡಗಿದರು.

1937ರಲ್ಲಿ ಅವರು ಕೇ ಮಿಲ್ಲರ್ ಎಂಬಾಕೆಯನ್ನು ವಿವಾಹವಾದರು. ಆಕೆ ನಿರುದ್ಯೋಗಿಗಳ ನಡುವೆ ಸೇವೆ ಮಾಡುತ್ತಿದ್ದ ಸಮಾಜಕಾರ್ಯಕರ್ತೆ. ಗಂಡನು ಅಂಕಿಗಳಲ್ಲಿ ಕಂಡದ್ದನ್ನು ಹೆಂಡತಿ ಮುಖಗಳಲ್ಲಿ ಕಂಡಿದ್ದಳು. ಮರುವರ್ಷವೇ, ಅಂದರೆ 1938ರಲ್ಲಿ, ಬಡತನ ಮತ್ತು ಜನಸಂಖ್ಯೆಯನ್ನು ಕುರಿತ ಅವರ ಮೊದಲ ಗ್ರಂಥ ಹೊರಬಿದ್ದಿತು. ಇಂಗ್ಲೆಂಡಿನ ಉತ್ತರ ಭಾಗದಲ್ಲಿಯೂ ವೇಲ್ಸ್ ಸೀಮೆಯಲ್ಲಿಯೂ ಜನರು ದಕ್ಷಿಣದವರಿಗಿಂತ ಬೇಗ ಸಾಯುತ್ತಿದ್ದಾರೆ, ಇದು ವಿಧಿಯಲ್ಲ, ಬಡತನವೆಂದು ಅದರಲ್ಲಿ ತೋರಿಸಿದರು. 1943ರ ಇನ್ನೊಂದು ಪುಸ್ತಕದಲ್ಲಿ ಶಿಶುಮರಣದ ಲೆಕ್ಕವನ್ನು ತೆಗೆದುಕೊಂಡರು. 1911ರಿಂದ ಸುಮಾರು ಇಪ್ಪತ್ತು ವರ್ಷಗಳಲ್ಲಿ ಎಲ್ಲ ವರ್ಗಗಳಲ್ಲಿಯೂ ಶಿಶುಮರಣ ಇಳಿದಿತ್ತು, ನಿಜ; ಆದರೆ ಮೇಲಿನವರಿಗೂ ಕೆಳಗಿನವರಿಗೂ ಇದ್ದ ಅಂತರ ಕಿರಿದಾಗಿರಲಿಲ್ಲ. ದೇಶ ಮುಂದುವರಿದರೆ ಬಡವನೂ ತಾನಾಗಿ ಮುಂದುವರಿಯುತ್ತಾನೆಂದು ನಂಬಿದವರಿಗೆ ಇದು ಕಹಿಯಾದ ಔಷಧ.

ಇದಕ್ಕೂ ಮೊದಲೇ ಅವರ ಬರಹಗಳು ಇತಿಹಾಸಕಾರ ಕೀತ್ ಹ್ಯಾನ್ಕಾಕರ ಕಣ್ಣಿಗೆ ಬಿದ್ದಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ರಜೆಗಳ ಜೀವನವು ಹೇಗೆ ನಡೆಯಿತೆಂಬುದರ ಅಧಿಕೃತ ಇತಿಹಾಸವನ್ನು ಬರೆಸುವ ಹೊಣೆ ಹ್ಯಾನ್ಕಾಕರದಾಗಿತ್ತು. ಅವರ ಕರೆಯಂತೆ ಟಿಟ್ಮಸ್ಸರು 1942ರಲ್ಲಿ ಕಂಪನಿಯನ್ನು ಬಿಟ್ಟು ಸರಕಾರಿ ದಫ್ತರುಗಳ ನಡುವೆ ಕುಳಿತರು. ಬಾಂಬುಗಳ ಆ ಕಾಲದಲ್ಲಿ ಸೇಂಟ್ ಪಾಲ್ ದೇವಾಲಯಕ್ಕೆ ಬೆಂಕಿ ತಗಲದಂತೆ ರಾತ್ರಿ ಕಾವಲು ಕಾಯುವ ದಳದಲ್ಲಿಯೂ ಅವರಿದ್ದರು.

ಯುದ್ಧದ ಆ ಇತಿಹಾಸವು 1950ರಲ್ಲಿ ಪ್ರಕಟವಾಯಿತು. ಅದರಲ್ಲಿ ಸೇನಾಪತಿಗಳ ಪ್ರತಾಪವಿಲ್ಲ. ಮಕ್ಕಳ ಪಾದರಕ್ಷೆ, ಹಾಲು, ಹಾಸಿಗೆಗಳ ವಿಚಾರವಿದೆ. 1939ರ ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಸುಮಾರು 15 ಲಕ್ಷ ಮಕ್ಕಳನ್ನೂ ತಾಯಂದಿರನ್ನೂ ದೊಡ್ಡ ಪಟ್ಟಣಗಳಿಂದ ಹಳ್ಳಿಗಳಿಗೆ ಸಾಗಿಸಲಾಯಿತು. ಬಡ ಕೇರಿಗಳ ಮಕ್ಕಳು ಹರಿದ ಬಟ್ಟೆಯಲ್ಲಿ, ತಲೆಯ ತುಂಬ ಹೇನು ಹೊತ್ತು ಬಂದುದನ್ನು ಕಂಡು ಅನುಕೂಲಸ್ಥ ಮನೆಗಳವರು ಬೆಚ್ಚಿಬಿದ್ದರು. ತಾಯಂದಿರು ಸೋಮಾರಿಗಳೆಂದು ಜರೆದರು. ಟಿಟ್ಮಸ್ಸರು ಆ ತಾಯಂದಿರನ್ನು ಜರೆಯಲಿಲ್ಲ. ಒಂದೇ ಕೋಣೆಯಲ್ಲಿ ಇಡೀ ಕುಟುಂಬ, ಅನೇಕ ಮನೆಗಳಿಗೆ ಒಂದೇ ನೀರಿನ ನಲ್ಲಿ ಇರುವಲ್ಲಿ ಸ್ವಚ್ಛತೆಯ ಬೆಲೆಯೇನೆಂದು ವಿಚಾರಿಸಿದರು. ಅದುವರೆಗೆ ಮುಖ್ಯವಾಗಿ ದರಿದ್ರರ ಮಕ್ಕಳಿಗೆಂದು ಇದ್ದ ಶಾಲೆಯ ಊಟ ಯುದ್ಧಕಾಲದಲ್ಲಿ ಎಲ್ಲರ ಮಕ್ಕಳಿಗೂ ದೊರೆಯುವಂತಾಯಿತು. ಆಗ ಅದನ್ನು ಉಣ್ಣುವ ಮಗುವಿಗೆ ನಾಚಿಕೆಯ ಕಾರಣ ಉಳಿಯಲಿಲ್ಲ. ಈ ಒಂದು ಸಂಗತಿ ಟಿಟ್ಮಸ್ಸರ ಮುಂದಿನ ವಿಚಾರಗಳಿಗೆಲ್ಲ ಬೀಜವಾಯಿತೆಂದು ನಮಗೆ ತೋರುತ್ತದೆ. ಸಹಾಯ ದೊರೆತರೆ ಸಾಲದು; ಅದನ್ನು ಪಡೆಯುವಾಗ ತಲೆ ತಗ್ಗಿಸಬೇಕಾಗಿ ಬರಬಾರದು.

ಅದೇ 1950ರಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಎಂಬ ವಿದ್ಯಾಸಂಸ್ಥೆಯು ಪದವಿಯಿಲ್ಲದ ಈ ಗುಮಾಸ್ತರನ್ನು ಸಾಮಾಜಿಕ ಆಡಳಿತದ ಪ್ರಾಧ್ಯಾಪಕ ಪೀಠಕ್ಕೆ ಕರೆಯಿತು. ಇಲ್ಲಿ ಮುಂಬಯಿಯ ವಾಚಕರು ತಿಳಿಯತಕ್ಕ ಒಂದು ವಿಷಯವಿದೆ. ಆ ಸಂಸ್ಥೆಯಲ್ಲಿ ಬಡತನದ ಕಾರಣಗಳನ್ನು ಶೋಧಿಸುವುದಕ್ಕೆ 1912ರಲ್ಲಿ ಧನವಿತ್ತವರು ಮುಂಬಯಿಯ ಸರ್ ರತನ್ ಟಾಟಾ. ಆ ವರ್ಷಗಳಲ್ಲಿ ಅಲ್ಲಿ ಸಮಾಜಸೇವೆಯ ಪಾಠ ಹೇಳಿದವರಲ್ಲಿ, ಮುಂದೆ 1947ರಲ್ಲಿ ಭಾರತ ಸ್ವತಂತ್ರವಾದಾಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ಕ್ಲೆಮೆಂಟ್ ಆಟ್ಲಿಯವರೂ ಒಬ್ಬರು. ಅದೇ ಟಾಟಾ ಮನೆತನದ ಇನ್ನೊಂದು ದತ್ತಿಯಿಂದ 1936ರಲ್ಲಿ ಮುಂಬಯಿಯ ನಾಗಪಾಡಾದಲ್ಲಿ ಸಮಾಜಕಾರ್ಯದ ಶಾಲೆ ತೆರೆಯಿತು. ಅದು ಮುಂದೆ ದೇವನಾರಿಗೆ ಹೋಗಿ ನೆಲೆಸಿದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ.

ಈ ವಿದ್ಯೆ ಯಾವುದೆಂದು ಕೇಳುವವರಿಗೆ ಒಂದು ಉದಾಹರಣೆ ಕೊಡುತ್ತೇವೆ. ಬಾಡಿಗೆ ಕೊಡಲಾರದೆ ಒಬ್ಬ ವಿಧವೆ ಮಕ್ಕಳೊಡನೆ ಬೀದಿಗೆ ಬಿದ್ದಳೆನ್ನೋಣ. ಆಕೆಯ ಬಳಿ ಕುಳಿತು, ಕಷ್ಟವನ್ನು ಕೇಳಿ, ಆಕೆ ಮತ್ತೆ ಎದ್ದು ನಿಲ್ಲಲು ನೆರವಾಗುವುದು ಸಮಾಜಕಾರ್ಯ. ಆಕೆ ಬೀದಿಗೆ ಬೀಳುವುದಕ್ಕೆ ಕಾರಣವಾದ ಬಾಡಿಗೆ, ಕೂಲಿ, ಪಿಂಚಣಿ, ಕಾಯಿದೆಗಳನ್ನು ಪರೀಕ್ಷಿಸುವುದು ಸಾಮಾಜಿಕ ನೀತಿ. ಎರಡನ್ನೂ ಕೂಡಿಸಿ ಕಲಿಸಬೇಕೆಂಬುದು ಟಿಟ್ಮಸ್ಸರ ಹಟ. ಕಾರಣವರಿಯದ ಕರುಣೆ ಕುರುಡು. ಮನುಷ್ಯರನ್ನರಿಯದ ಅಂಕಿ ಕಿವುಡು.

ಆದರೆ ಅವರೂ ಮನುಷ್ಯರೇ. ಅವರ ಲೋಪವನ್ನು ಮುಚ್ಚಿಡುವುದು ಜೀವನಚರಿತ್ರೆಯ ಧರ್ಮವಲ್ಲ. ಅವರ ಶಾಖೆಯಲ್ಲಿ ಸಮಾಜಕಾರ್ಯದ ತರಬೇತಿಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದವರು ಹೆಚ್ಚಾಗಿ ಸ್ತ್ರೀಯರು. ಅವರಲ್ಲಿ ಎಲೀನ್ ಯಂಗ್‌ಹಸ್ಬೆಂಡ್ ಪ್ರಮುಖರು. ಅವರ ಪ್ರಯತ್ನದಿಂದ 1954ರಲ್ಲಿ ಹೊಸ ಪಾಠಕ್ರಮವೊಂದು ಆರಂಭವಾಯಿತು. ಬೇರೆ ಬೇರೆಯಾಗಿದ್ದ ತರಬೇತಿಗಳನ್ನು ಹೇಗೆ ಒಂದುಗೂಡಿಸಬೇಕು, ಯಾರ ಕೈಯಲ್ಲಿರಬೇಕು ಎಂಬ ವಿಷಯದಲ್ಲಿ ಕಲಹ ಬೆಳೆಯಿತು. ಟಿಟ್ಮಸ್ಸರು ಅದನ್ನು ಸಮಾಧಾನದಿಂದ ಬಗೆಹರಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಯಂಗ್‌ಹಸ್ಬೆಂಡ್ ಸಂಸ್ಥೆಯನ್ನು ತೊರೆದರು. 1959ರಲ್ಲಿ ಹೊರಬಿದ್ದ ಆಕೆಯ ಸಮಿತಿಯ ವರದಿ ಬ್ರಿಟನ್ನಿನ ಸಮಾಜಕಾರ್ಯದ ಶಿಕ್ಷಣಕ್ಕೆ ಅಡಿಗಲ್ಲಾಯಿತು. ಪದವಿಯಿಲ್ಲದೆ ಮೇಲೇರಿದವರು ಅನುಭವದಿಂದ ಮೇಲೇರಿದ ಈ ಸ್ತ್ರೀಯರ ಮಹತ್ವವನ್ನು ಎಲ್ಲರಿಗಿಂತ ಮೊದಲು ಅರಿಯಬೇಕಾಗಿತ್ತು ಎಂದು ನಾವು ವಿಷಾದದಿಂದ ಹೇಳುತ್ತೇವೆ.

ಅವರ ಉಪನ್ಯಾಸಗಳಲ್ಲಿ ಬಹಳ ಹೆಸರಾದುದು 1955ರದು. ಸರಕಾರವು ಬಡವನಿಗೆ ಕೊಡುವ ಪಿಂಚಣಿಯನ್ನೂ ಔಷಧವನ್ನೂ ಜನರು ಧರ್ಮವೆನ್ನುತ್ತಾರೆ. ಆದರೆ ಮಕ್ಕಳ ಹೆಸರಿನಲ್ಲಿ, ವಿಮೆಯ ಹೆಸರಿನಲ್ಲಿ ಆದಾಯಕರದಲ್ಲಿ ಸಿಗುವ ರಿಯಾಯಿತಿ ಏನು? ಕಂಪನಿಯು ದೊಡ್ಡ ಅಧಿಕಾರಿಗೆ ಕೊಡುವ ನಿವೃತ್ತಿವೇತನ, ವಸತಿ, ವಾಹನಗಳೇನು? ಅವೂ ಸಮಾಜದಿಂದ ದೊರೆತ ನೆರವೇ. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ, ಉಳಿದೆರಡು ಲೆಕ್ಕದ ಪುಸ್ತಕದಲ್ಲಿ ಅಡಗಿರುತ್ತವೆ. ಲೆಕ್ಕ ಬರೆದು ಪಳಗಿದ ಕೈಯವರಿಗಲ್ಲದೆ ಈ ಗುಟ್ಟು ಬೇರೆ ಯಾರಿಗೆ ತಿಳಿಯಬೇಕು? ಗಲ್ಲೆಯ ಮೇಲೆ ಕುಳಿತ ನಮ್ಮ ವಾಚಕರು ಇದನ್ನು ಕೂಡಲೇ ಗ್ರಹಿಸುವರು.

1970ರಲ್ಲಿ ಅವರು ರಕ್ತದಾನವನ್ನು ಕುರಿತು ಬರೆದ ಗ್ರಂಥ ಅವರ ಕೀರ್ತಿಯನ್ನು ಸಮುದ್ರದಾಚೆಗೂ ಒಯ್ದಿತು. ಬ್ರಿಟನ್ನಿನಲ್ಲಿ ಜನರು ಹಣ ಪಡೆಯದೆ, ಯಾರಿಗೆ ಹೋಗುವುದೆಂದು ಅರಿಯದೆ ರಕ್ತ ಕೊಡುತ್ತಿದ್ದರು. ಅಮೆರಿಕದಲ್ಲಿ ರಕ್ತದ ಬಹುಭಾಗ ವ್ಯಾಪಾರದ ವಸ್ತುವಾಗಿತ್ತು. ಹೊಟ್ಟೆಪಾಡಿಗಾಗಿ ರಕ್ತ ಮಾರುವವನು ತನ್ನ ಕಾಯಿಲೆಯನ್ನು ಹೇಳಿಕೊಳ್ಳನು. ಆದುದರಿಂದ ಕೊಂಡ ರಕ್ತದಲ್ಲಿ ಯಕೃತ್ತಿನ ಉರಿಯೂತದ ಸೋಂಕು ಹೆಚ್ಚು, ಪೋಲಾಗುವುದೂ ಹೆಚ್ಚು ಎಂದು ಅವರು ಅಂಕಿಗಳಿಂದ ತೋರಿಸಿದರು. ಕೆನೆತ್ ಆರೋರಂಥ ಅರ್ಥಶಾಸ್ತ್ರಜ್ಞರು ಅವರ ವಾದವನ್ನೆಲ್ಲ ಒಪ್ಪಲಿಲ್ಲ. ಆದರೂ ರಕ್ತ ಕೊಂಡುದೋ ದಾನವೋ ಎಂಬುದನ್ನು ಸೀಸೆಯ ಮೇಲೆ ಕಾಣಿಸಬೇಕೆಂದು ಅಮೆರಿಕ ಸರಕಾರ 1978ರಲ್ಲಿ ನಿಯಮ ಮಾಡಿತು. ನಮ್ಮ ದೇಶದ ಪಟ್ಟಣಗಳಲ್ಲಿಯೂ ಕೆಲಸ ಸಿಗದ ಬಡವರು ರಕ್ತ ಮಾರಿ ಊಟ ಮಾಡಿದ ಕಾಲವೊಂದಿತ್ತು. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನಂತೆ 1998ರ ಜನವರಿಯಿಂದ ಆ ವ್ಯಾಪಾರ ಭಾರತದಲ್ಲಿ ನಿಷಿದ್ಧವಾಯಿತು.

ಟಿಟ್ಮಸ್ಸರ ಕೊನೆಯ ದಿನಗಳು ಅವರ ಬೋಧನೆಯ ಪರೀಕ್ಷೆಯೇ ಆದವು. ಅವರಿಗೆ ಅರ್ಬುದರೋಗ ತಗುಲಿತು. ಹಣ ತೆತ್ತು ಖಾಸಗಿಯಾಗಿ ಚಿಕಿತ್ಸೆ ಪಡೆಯದೆ ಎಲ್ಲರಿಗೂ ತೆರೆದ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗೆ ಅವರು ಹೋದರು. ಅದೇ ವೇಳೆಗೆ ವಿಕಿರಣ ಚಿಕಿತ್ಸೆಗೆ ಬರುತ್ತಿದ್ದ ಇನ್ನೊಬ್ಬರು ಟ್ರಿನಿಡಾಡಿನಿಂದ ವಲಸೆ ಬಂದ ಕಪ್ಪು ವರ್ಣದ ತರುಣ. ಕೆಲವು ದಿನ ತರುಣನು ಮೊದಲು ಒಳಗೆ ಹೋಗುತ್ತಿದ್ದನು, ಕೆಲವು ದಿನ ಪ್ರಾಧ್ಯಾಪಕರು. ಯಾರು ಮೊದಲೆಂಬುದನ್ನು ತೀರ್ಮಾನಿಸುತ್ತಿದ್ದುದು ಲಂಡನ್ನಿನ ರಸ್ತೆಯ ವಾಹನಸಂದಣಿಯೇ ಹೊರತು ವರ್ಣವಲ್ಲ, ಮತವಲ್ಲ, ಅಂತಸ್ತಲ್ಲ. ಇದನ್ನು ಅವರು ತಮ್ಮ ಕೊನೆಯ ಬರಹದಲ್ಲಿ ಸಂತೋಷದಿಂದ ದಾಖಲಿಸಿದರು. 1973ರ ಏಪ್ರಿಲ್ 6ರಂದು ತಮ್ಮ 65ನೆಯ ವಯಸ್ಸಿನಲ್ಲಿ ಅವರು ಕಾಲಾಧೀನರಾದರು. ಸಾಮಾಜಿಕ ನೀತಿಯನ್ನು ಕುರಿತ ಅವರ ಉಪನ್ಯಾಸಗಳು ಮರುವರ್ಷ ಪುಸ್ತಕರೂಪದಲ್ಲಿ ಬಂದವು.

ಎಲ್ಲ ಗುಮಾಸ್ತರೂ ಪ್ರಾಧ್ಯಾಪಕರಾಗಬೇಕೆಂದು ಹೇಳುವುದಕ್ಕಾಗಿ ನಾವು ಈ ಕಥೆಯನ್ನು ಬರೆದಿಲ್ಲ. ಅದು ಆಗತಕ್ಕದ್ದೂ ಅಲ್ಲ. ಊರು ಬಿಟ್ಟು ಬಂದವನು ಕಾಯಿಲೆಯಾದಾಗ ಪರಸ್ಥಳದ ಆಸ್ಪತ್ರೆಯ ಸಾಲಿನಲ್ಲಿ ನಿಂತು, ತನ್ನ ಭಾಷೆಯನ್ನೋ ಅಂಗಿಯನ್ನೋ ಕಂಡು ಯಾರಾದರೂ ಹಿಂದಕ್ಕೆ ತಳ್ಳುವರೇ ಎಂದು ಅಂಜುವುದು ನಮ್ಮವರೆಲ್ಲ ಬಲ್ಲ ಅನುಭವ. ಆ ಅಂಜಿಕೆಯಿಲ್ಲದ ಸಾಲು ತನ್ನಷ್ಟಕ್ಕೆ ಏರ್ಪಡುವುದಿಲ್ಲ. ಕಾಯಿದೆಯನ್ನೂ ಲೆಕ್ಕವನ್ನೂ ಮನುಷ್ಯರನ್ನೂ ಒಟ್ಟಿಗೆ ಓದಿದವರು ಅದನ್ನು ಕಟ್ಟಬೇಕಾಗುತ್ತದೆ. ಹಾಗೆ ಓದಿದವರಲ್ಲಿ ಒಬ್ಬರು ಹಗಲು ವಿಮೆಯ ಪುಸ್ತಕವನ್ನೂ ರಾತ್ರಿ ಬಡಮಕ್ಕಳ ಮರಣದ ಪಟ್ಟಿಯನ್ನೂ ತಿರುವುತ್ತಿದ್ದ ಗುಮಾಸ್ತರು ಎಂಬುದನ್ನು ನಮ್ಮ ವಾಚಕರು ನೆನಪಿನಲ್ಲಿಡಲಿ.