ಕಲ್ಲಿನ ಶಾಸ್ತ್ರ ಬಿಟ್ಟು ರಂಗಕ್ಕೆ ಬಂದ ಕೈಲಾಸಂ

ನಮ್ಮ ಸೇಡಂ ಸೀಮೆಯವರಿಗೆ ಕಲ್ಲು ಹೊಸದಲ್ಲ. ಶಹಾಬಾದಿನ ಹಾಸುಗಲ್ಲು, ವಾಡಿಯ ಸಿಮೆಂಟು ನೋಡುತ್ತಲೇ ಬೆಳೆದವರು ನಾವು. ನಮ್ಮಪ್ಪ ಕಲ್ಲಿನ ಗಣಿಯಲ್ಲಿ ದುಡಿದೇ ನನ್ನನ್ನು ಬಿ.ಇ. ಓದಿಸಿದರು. ಅದಕ್ಕೇ ಇರಬೇಕು, ಕಲ್ಲಿನ ಶಾಸ್ತ್ರವನ್ನೇ ಓದಿ, ಆ ನೌಕರಿ ಬಿಟ್ಟು ನಾಟಕದ ಕಡೆ ನಡೆದ ಟಿ. ಪಿ. ಕೈಲಾಸಂ ಅವರ ಬದುಕು ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಕನ್ನಡ ಗುರುಗಳು ಗ್ಯಾದರಿಂಗಿಗೆ ಅವರ ‘ಟೊಳ್ಳುಗಟ್ಟಿ’ ಆಡಿಸಿದರು. ಪುಸ್ತಕ ಉರುಹೊಡೆಯುವ ಮಗ ಟೊಳ್ಳೋ, ಮನೆಯವರ ಕಷ್ಟಕ್ಕೆ ಆಗುವ ಮಗ ಟೊಳ್ಳೋ ಎಂದು ಕೇಳುವ ನಾಟಕ ಅದು. ಇಂಗ್ಲಿಷು ಬೆರೆತ ಆ ಬೆಂಗಳೂರಿನ ಮಾತು ನಮ್ಮ ನಾಲಿಗೆಗೆ ಹೊರಳಲಿಲ್ಲ. ಅರ್ಧ ನಮ್ಮೂರ ಮಾತಿನಲ್ಲೇ ಆಡಿದೆವು. ಮಂದಿ ಮೊದಲು ನಕ್ಕರು, ಆಮೇಲೆ ಸುಮ್ಮನೆ ಕುಳಿತು ನೋಡಿದರು.

ತ್ಯಾಗರಾಜ ಪರಮಶಿವ ಕೈಲಾಸಂ ಹುಟ್ಟಿದ್ದು 1884ರಲ್ಲಿ. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಮಗ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ ಓದಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದರು. ಓದಿನ ಜೊತೆಗೆ ಅಲ್ಲಿನ ನಾಟಕಶಾಲೆಗಳ ಹುಚ್ಚೂ ಹತ್ತಿತು. 1915ರಲ್ಲಿ ಮರಳಿ ಬಂದು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಅಧಿಕಾರಿಯಾದರು. ಕೆಲವೇ ವರ್ಷಗಳಲ್ಲಿ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಮಗನನ್ನು ವಿಲಾಯಿತಿಗೆ ಕಳಿಸಿ ಓದಿಸಿದ ತಂದೆಗೆ ಆಗ ಏನನ್ನಿಸಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆಗ ರಂಗದ ಮೇಲೆ ಕಂಪನಿ ನಾಟಕಗಳ ಕಾಲ. ರಾಜರು, ದೇವತೆಗಳು, ಹಾಡಿನ ಮೇಲೆ ಹಾಡು. ಕೈಲಾಸಂ ಅಲ್ಲಿಗೆ ನಡುಮನೆಯನ್ನು ತಂದರು. ಗಂಡ ಹೆಂಡತಿ, ವಕೀಲ, ಗುಮಾಸ್ತ, ತುಂಟ ಹುಡುಗರನ್ನು ಅವರವರ ಮಾತಿನಲ್ಲೇ ಆಡಿಸಿದರು. ‘ಪೋಲಿ ಕಿಟ್ಟಿ’, ‘ಬಂಡ್ವಾಳ್ವಿಲ್ಲದ್ ಬಡಾಯಿ’ ಇಂದಿಗೂ ನಗಿಸುತ್ತವೆ. ‘ಸೂಳೆ’ಯಂಥ ನಾಟಕ ನಗುವನ್ನು ನಿಲ್ಲಿಸುತ್ತದೆ. ಏಕಲವ್ಯ, ಕರ್ಣ, ಕೀಚಕರನ್ನು ಕುರಿತು ಇಂಗ್ಲಿಷಿನಲ್ಲೂ ಬರೆದರು. ತಾವೇ ನಟರು, ಎಲ್ಲ ಪಾತ್ರಗಳನ್ನೂ ಒಬ್ಬರೇ ಅಭಿನಯಿಸಿ ತೋರಿಸುತ್ತಿದ್ದರು. ಎಷ್ಟೋ ನಾಟಕಗಳನ್ನು ಅವರು ಬಾಯಲ್ಲಿ ಹೇಳಿದ್ದು, ಗೆಳೆಯರು ಬರೆದುಕೊಂಡದ್ದು. ಬರೆದುಕೊಳ್ಳುವವರು ಇಲ್ಲದಾಗ ಹೇಳಿದ್ದು ಗಾಳಿಗೆ ಹೋಯಿತು. ಸರ್ಕಾರಿ ಸಂಬಳದ ನೆಮ್ಮದಿ ಅವರಿಗೆ ಮತ್ತೆ ಸಿಗಲಿಲ್ಲ. 1945ರಲ್ಲಿ ಮದ್ರಾಸಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮರುವರ್ಷವೇ ಬೆಂಗಳೂರಿನಲ್ಲಿ ತೀರಿಕೊಂಡರು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಶನಿವಾರ, ಭಾನುವಾರ ಹವ್ಯಾಸಿ ತಂಡದಲ್ಲಿ ನಾಟಕ. ಮೂರು ವರ್ಷದ ಹಿಂದೆ ನಾನೂ ರಾಜೀನಾಮೆ ಬರೆದೆ. ತಂಗಿಯ ಮದುವೆಯ ಸಾಲ, ಅಪ್ಪನ ಕೆಮ್ಮು ನೆನಪಾಗಿ ಕಳಿಸಲಿಲ್ಲ. ಅದು ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಕೈಲಾಸಂ ನ್ಯಾಯಾಧೀಶರ ಮಗ, ನಾನು ಗಣಿ ಕೂಲಿಯ ಮಗ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಅದು ಅರ್ಧ ಸತ್ಯ. ಉಳಿದರ್ಧ ನನ್ನ ಅಂಜಿಕೆ.

ಆದ್ದರಿಂದ ಈಗಿನ ವಿದ್ಯಾರ್ಥಿಗಳಿಗೆ ನೌಕರಿ ಬಿಡಿ ಎಂದಾಗಲಿ, ಬಿಡಬೇಡಿ ಎಂದಾಗಲಿ ಹೇಳುವ ಅಧಿಕಾರ ನನಗಿಲ್ಲ. ಒಂದು ಮಾತು ಮಾತ್ರ ಕೊಡಬಲ್ಲೆ. ಈ ಸುವರ್ಣ ಮಹೋತ್ಸವದ ವರ್ಷ ಗುರುಗಳು ಒಪ್ಪಿದರೆ ಹದಿನೈದು ದಿನ ರಜೆ ಹಾಕಿ ಬರುತ್ತೇನೆ. ಅದೇ ಅಂಗಳದಲ್ಲಿ ‘ಟೊಳ್ಳುಗಟ್ಟಿ’ ಮತ್ತೆ ಆಡಿಸೋಣ, ಈ ಸಲ ಪೂರ್ತಿ ನಮ್ಮ ಮಾತಿನಲ್ಲೇ. ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ.