ಜೋಳದ ಕಾಳಿನ ಚುಕ್ಕೆಗಳನ್ನು ಓದಿದ ಬಾರ್ಬರಾ ಮೆಕ್‌ಕ್ಲಿಂಟಾಕ್

ದಾವಣಗೆರೆ, ಹಾವೇರಿ ಸೀಮೆಯವರಿಗೆ ಮೆಕ್ಕೆಜೋಳದ ಪರಿಚಯ ಮಾಡಿಕೊಡಬೇಕಾಗಿಲ್ಲ. ನಾವು ಬೆಳೆಯುವ ತೆನೆಯಲ್ಲಿ ಕಾಳೆಲ್ಲ ಒಂದೇ ಹಳದಿ. ಆದರೆ ಆ ಬೆಳೆಯ ತವರಾದ ಅಮೆರಿಕ ಖಂಡದಲ್ಲಿ ನೇರಳೆ ಕಾಳು, ಬಿಳಿ ಕಾಳು, ಚುಕ್ಕೆ ಬಿದ್ದ ಕಾಳು ಒಂದೇ ತೆನೆಯಲ್ಲಿ ಕೂಡಿ ಬರುವ ತಳಿಗಳೂ ಇವೆ. ಆ ಚುಕ್ಕೆ ಏಕೆ ಬರುತ್ತದೆ ಎಂದು ಕೇಳುತ್ತ ಹೋದ ಒಬ್ಬ ಹೆಣ್ಣುಮಗಳ ಕಥೆ ಇದು.

ಬಾರ್ಬರಾ ಮೆಕ್‌ಕ್ಲಿಂಟಾಕ್ ಹುಟ್ಟಿದ್ದು 1902ರ ಜೂನ್ 16ರಂದು, ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ. ತಂದೆ ಹೋಮಿಯೋಪತಿ ವೈದ್ಯರು. ಮುಂದೆ ಕುಟುಂಬ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂತು. ಹುಡುಗಿ ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗುತ್ತೇನೆಂದಾಗ ತಾಯಿ ಒಪ್ಪಲಿಲ್ಲ. ಹೆಚ್ಚು ಓದಿದ ಹೆಣ್ಣಿಗೆ ಗಂಡು ಸಿಗುವುದಿಲ್ಲ ಎಂಬ ಭಯ! ಈ ಮಾತು ನಮ್ಮ ಊರುಗಳದ್ದು ಮಾತ್ರ ಎಂದು ನಾನು ತಿಳಿದಿದ್ದೆ. ಮಹಾಯುದ್ಧದ ಸೇವೆಯಿಂದ ಮರಳಿದ ತಂದೆ ಮಗಳ ಪರ ನಿಂತರು. 1919ರಲ್ಲಿ ಆಕೆ ಕಾರ್ನೆಲ್ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಸೇರಿದರು. 1927ರಲ್ಲಿ ಡಾಕ್ಟರೇಟ್ ಪಡೆದರು. ಮದುವೆಯನ್ನು ಕೊನೆಗೂ ಆಗಲಿಲ್ಲ.

ಸೂಕ್ಷ್ಮದರ್ಶಕದ ಕೆಳಗೆ ಜೋಳದ ಹತ್ತು ಜೋಡಿ ವರ್ಣತಂತುಗಳನ್ನು ಒಂದೊಂದಾಗಿ ಗುರುತಿಸುವುದರಲ್ಲಿ ಆಕೆಗೆ ಸಮನಾದವರು ಇರಲಿಲ್ಲ. ಜೋಡಿ ವರ್ಣತಂತುಗಳು ತಮ್ಮ ತುಂಡುಗಳನ್ನು ನಿಜವಾಗಿಯೂ ಅದಲುಬದಲು ಮಾಡಿಕೊಳ್ಳುತ್ತವೆ ಎಂಬುದನ್ನು 1931ರಲ್ಲಿ ಹ್ಯಾರಿಯಟ್ ಕ್ರೈಟನ್ ಜೊತೆ ತೋರಿಸಿದರು. ಇಷ್ಟಾದರೂ ನೆಲೆಯಾದ ಕೆಲಸ ಸಿಗಲು ಹತ್ತು ವರ್ಷ ಅಲೆಯಬೇಕಾಯಿತು. 1941ರ ಕೊನೆಗೆ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಒಂದು ಪ್ರಯೋಗಾಲಯವೂ ಒಂದು ಜೋಳದ ಹೊಲವೂ ದೊರೆತವು. ಬದುಕಿನ ಉಳಿದ ಐವತ್ತು ವರ್ಷ ಅದೇ ಮನೆಯಾಯಿತು.

1944ರಲ್ಲಿ ಜಾರ್ಜ್ ಬೀಡಲ್ ಎಂಬ ಹಳೆಯ ಗೆಳೆಯರು ಸ್ಟ್ಯಾನ್‌ಫರ್ಡ್‌ಗೆ ಕರೆದರು. ಬ್ರೆಡ್ಡಿನ ಮೇಲೆ ಕಿತ್ತಳೆ ಬಣ್ಣದಲ್ಲಿ ಹಬ್ಬುವ ನ್ಯೂರೋಸ್ಪೋರಾ ಎಂಬ ಬೂಷ್ಟಿನ ವರ್ಣತಂತುಗಳು ಬಹಳ ಚಿಕ್ಕವು, ಅಲ್ಲಿ ಯಾರ ಕಣ್ಣಿಗೂ ಸರಿಯಾಗಿ ಸಿಕ್ಕಿರಲಿಲ್ಲ. ಮೊದಲ ದಿನಗಳಲ್ಲಿ ಬಾರ್ಬರಾ ಅವರಿಗೂ ಏನೂ ಕಾಣಲಿಲ್ಲ. ಸೂಕ್ಷ್ಮದರ್ಶಕ ಬಿಟ್ಟು ಎದ್ದು ಹೋಗಿ ನೀಲಗಿರಿ ಮರಗಳ ಕೆಳಗೆ ಕುಳಿತು ಯೋಚಿಸಿದರು. ಮರಳಿ ಬಂದು ನೋಡಿದಾಗ ಒಂದೊಂದೂ ಬಿಡಿಯಾಗಿ ಕಂಡಿತು. ಕೆಲವೇ ವಾರಗಳಲ್ಲಿ ಏಳು ವರ್ಣತಂತುಗಳ ಲೆಕ್ಕ ಪಕ್ಕಾ ಆಯಿತು.

ಈಗ ಚುಕ್ಕೆಯ ವಿಷಯ. ತೆನೆಯ ಪ್ರತಿಯೊಂದು ಕಾಳೂ ಬೇರೆ ಬೇರೆ ಮಗುವಿದ್ದಂತೆ. ನೇರಳೆ ಬಣ್ಣ ಕೊಡುವ ಜೀನ್ ಒಳಗೆ ಒಂದು ಅಲೆಮಾರಿ ತುಣುಕು ಬಂದು ಕುಳಿತರೆ ಜೀನ್ ಕೆಟ್ಟು, ಕಾಳು ಬಿಳಿಚಿಕೊಳ್ಳುತ್ತದೆ. ಕಾಳು ಬೆಳೆಯುತ್ತಿರುವಾಗ ಯಾವುದೋ ಒಂದು ಕೋಶದಲ್ಲಿ ಆ ತುಣುಕು ಎದ್ದುಹೋದರೆ ಅಲ್ಲಿ ಜೀನ್ ಮತ್ತೆ ಕೆಲಸ ಮಾಡುತ್ತದೆ. ಆ ಕೋಶದ ಸಂತಾನವೆಲ್ಲ ನೇರಳೆ. ಬೇಗ ಎದ್ದುಹೋದರೆ ದೊಡ್ಡ ಮಚ್ಚೆ, ತಡವಾದರೆ ಸಣ್ಣ ಚುಕ್ಕೆ. ತಾನಾಗಿ ಏಳಲಾರದ ತುಣುಕಿಗೆ ಬಾರ್ಬರಾ ಡಿಎಸ್ ಎಂದೂ, ಅದನ್ನು ಎಬ್ಬಿಸುವ ಇನ್ನೊಂದಕ್ಕೆ ಎಸಿ ಎಂದೂ ಹೆಸರಿಟ್ಟರು. ಜೀನ್‌ಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ಅಲುಗದೆ ಇರುತ್ತವೆ ಎಂದು ನಂಬಿದ್ದ ಕಾಲ ಅದು.

1951ರ ಸಮ್ಮೇಳನದಲ್ಲಿ ಇದನ್ನು ವಿವರಿಸಿದಾಗ ಸಭೆ ಮೌನವಾಗಿತ್ತು. ಎಲ್ಲರೂ ಗೇಲಿ ಮಾಡಿದರು ಎಂದು ಎಷ್ಟೋ ಕಡೆ ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಜೋಳದಲ್ಲಿ ತುಣುಕುಗಳು ಜಾಗ ಬದಲಿಸುವುದನ್ನು ಒಪ್ಪಿದವರಿದ್ದರು. ಅವು ಜೀನ್‌ಗಳನ್ನು ನಿಯಂತ್ರಿಸುತ್ತವೆ ಎಂಬ ಆಕೆಯ ಮುಖ್ಯ ವಾದವನ್ನು ಮಾತ್ರ ಹೆಚ್ಚಿನವರು ಒಪ್ಪಲಿಲ್ಲ. ಆಕೆಗೆ ನೋವಾಯಿತು. 1953ರ ನಂತರ ಪತ್ರಿಕೆಗಳಿಗೆ ಬರೆಯುವುದು ಬಹುಮಟ್ಟಿಗೆ ನಿಂತಿತು, ಹೊಲದ ಕೆಲಸ ನಿಲ್ಲಲಿಲ್ಲ. ಪ್ರತಿ ವರ್ಷ ಬಿತ್ತಿದರು, ತೆನೆ ಎಣಿಸಿದರು, ಸಂಸ್ಥೆಯ ವಾರ್ಷಿಕ ವರದಿಯಲ್ಲಿ ಬರೆದಿಟ್ಟರು.

1960ರ ದಶಕದ ಕೊನೆಗೆ ಬ್ಯಾಕ್ಟೀರಿಯಾಗಳಲ್ಲೂ ಇಂಥ ತುಣುಕುಗಳು ಸಿಕ್ಕವು. ಆಮೇಲೆ ನೊಣ, ಯೀಸ್ಟ್, ಮನುಷ್ಯ, ಎಲ್ಲೆಲ್ಲೂ. ಶಿಲೀಂಧ್ರಗಳ ಮೈಟೊಕಾಂಡ್ರಿಯದಲ್ಲಿ, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಅಂಗದಲ್ಲಿ, ಬೇರೊಂದು ಬಗೆಯ ಅಲೆಮಾರಿಗಳು ಕಂಡವು. ಯೀಸ್ಟ್‌ನ ಒಮೆಗಾ ಎಂಬ ತುಣುಕು ತನ್ನದೇ ಕತ್ತರಿಯನ್ನು ತಯಾರಿಸಿ, ತಾನಿಲ್ಲದ ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುತ್ತದೆ. ಕೋಶ ಆ ಗಾಯ ಮುಚ್ಚುವಾಗ ತುಣುಕಿನ ನಕಲು ಅಲ್ಲಿ ಸೇರಿಕೊಳ್ಳುತ್ತದೆ. ಮನುಷ್ಯನ ಮೈಟೊಕಾಂಡ್ರಿಯದ ಡಿಎನ್‌ಎ 16,569 ಅಕ್ಷರಗಳಷ್ಟು ಉದ್ದ. ಶಿಲೀಂಧ್ರಗಳಲ್ಲಿ ಕೆಲವಕ್ಕೆ ಇಪ್ಪತ್ತು ಸಾವಿರದ ಆಸುಪಾಸು, ಇನ್ನು ಕೆಲವಕ್ಕೆ ಎರಡು ಲಕ್ಷಕ್ಕೂ ಹೆಚ್ಚು. ಮುಖ್ಯ ಜೀನ್‌ಗಳು ಹೆಚ್ಚುಕಡಿಮೆ ಅವೇ. ಉದ್ದದ ವ್ಯತ್ಯಾಸದಲ್ಲಿ ದೊಡ್ಡ ಪಾಲು ಇಂಥ ತುಣುಕುಗಳದ್ದು.

1983ರಲ್ಲಿ ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿ ಆಕೆಯೊಬ್ಬರಿಗೇ ಬಂತು. ಆಗ ವಯಸ್ಸು 81. ಸುದ್ದಿ ತಿಳಿದದ್ದು ರೇಡಿಯೋದಿಂದ. ಆಮೇಲೂ ಅದೇ ಪ್ರಯೋಗಾಲಯದಲ್ಲೇ ಇದ್ದರು. 1992ರ ಸೆಪ್ಟೆಂಬರ್ 2ರಂದು, ತೊಂಬತ್ತು ತುಂಬಿದ ಬೇಸಿಗೆಯಲ್ಲಿ, ತೀರಿಕೊಂಡರು.